ತಾರಸಿ ಹವಾನಿಯಂತ್ರಣ ಘಟಕಗಳ ಋತುಮಾನ ನಿರ್ವಹಣೆ: ಬೆಂಗಳೂರಿನ ಹೊರವಲಯ

ಕಚೇರಿ, ಕಾರ್ಖಾನೆ, ಆಸ್ಪತ್ರೆ, ಮಾಲ್‌ಗಳ ತಾರಸಿಯ ಮೇಲೆ ಬಿಸಿಲು ಮಳೆಗೆ ಮೈಯೊಡ್ಡಿ ನಿಂತ ತಂಪುಯಂತ್ರಗಳನ್ನು ಪ್ರತಿ ಋತುವಿಗೂ ಮುಂಚೆ ತೊಳೆದು, ಅಳೆದು, ಸವೆದ ಭಾಗಗಳನ್ನು ಬದಲಿಸಿ, ಮುಂದಿನ ತಿಂಗಳುಗಳ ಹೊರೆಗೆ ಅಣಿಗೊಳಿಸುವ ಕೆಲಸವೇ ಋತುಮಾನ ನಿರ್ವಹಣೆ. ಕೆಟ್ಟ ಮೇಲೆ ಮಾಡುವ ರಿಪೇರಿ ಇದರಲ್ಲಿ ಸೇರದು. ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್, ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯದ ಪೀಣ್ಯಗಳಲ್ಲಿ ಇಂಥ ಯಂತ್ರಗಳು ದಟ್ಟವಾಗಿವೆ. ಊರಿನ ಹವೆ ಸೌಮ್ಯವಾದದ್ದು. ಯಂತ್ರ ನಿಂತಿರುವ ಜಾಗ ಹಾಗಲ್ಲ. ಕಟ್ಟಡ ಕಾಮಗಾರಿಯ ದೂಳು, ಕೊಳವೆಬಾವಿಯ ಗಡಸು ನೀರು, ಪಾರಿವಾಳದ ಗೂಡು, ಚರಂಡಿಯ ಅನಿಲ, ಏರಿಳಿಯುವ ವೋಲ್ಟೇಜು ಇವೇ ಇಲ್ಲಿ ಯಂತ್ರದ ಆಯಸ್ಸು ಕಡಿಮೆ ಮಾಡುವಂಥವು. ಆದ್ದರಿಂದ ಹೊರನಾಡಿನ ಕೈಪಿಡಿಯ ನಿರ್ವಹಣಾ ಪಟ್ಟಿಯನ್ನು ಇದ್ದ ಹಾಗೆ ಇಲ್ಲಿಗೆ ತಂದರೆ ಅರ್ಧ ಕೆಲಸ ಅನಗತ್ಯವಾಗುತ್ತದೆ, ಅಗತ್ಯವಾದ ಅರ್ಧ ಬಿಟ್ಟುಹೋಗುತ್ತದೆ.

ಹವೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ವರ್ಷದ ಸರಾಸರಿ ಮಳೆ ಸುಮಾರು 970 ಮಿ.ಮೀ. ಅತಿ ಬಿಸಿಯ ತಿಂಗಳು ಏಪ್ರಿಲ್. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ 15–16 ಡಿಗ್ರಿಗೆ ಇಳಿಯುತ್ತದೆಯಾದರೂ ನೂರಾರು ಜನ, ಕಂಪ್ಯೂಟರು, ದೀಪಗಳಿರುವ ಕಚೇರಿಗೆ ಹೊರಗಿನಿಂದ ಬಿಸಿ ಒದಗಿಸುವ ಅಗತ್ಯ ಬೀಳುವುದಿಲ್ಲ.

ಉತ್ತರ ಅಮೆರಿಕದ ವಾಣಿಜ್ಯ ಕಟ್ಟಡಗಳಲ್ಲಿ ತಂಪುಯಂತ್ರವೂ ಗ್ಯಾಸ್ ಬರ್ನರ್ ಕೂಡ ಒಂದೇ ಪೆಟ್ಟಿಗೆಯಲ್ಲಿ ಕೂಡಿ ತಾರಸಿಯ ಮೇಲಿರುತ್ತವೆ. ಅಲ್ಲಿ ಚಳಿ ಶುರುವಾಗುವ ಮುಂಚೆ ಬರ್ನರ್ ತೆಗೆದು ನೋಡುವುದು, ಬಿಸಿ ವಿನಿಮಯದ ಕೊಠಡಿ ಬಿರುಕು ಬಿಟ್ಟು ಕಾರ್ಬನ್ ಮಾನಾಕ್ಸೈಡ್ ಒಳಗಿನ ಗಾಳಿಗೆ ಸೇರದಂತೆ ಕಾಯುವುದು ದೊಡ್ಡ ಕೆಲಸ. ಬೆಂಗಳೂರಿನಲ್ಲಿ ಆ ಅಧ್ಯಾಯವೇ ಇಲ್ಲ. ಹಾಗೆಂದು ಹೀಟರ್ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬೊಮ್ಮಸಂದ್ರದ ಕಡೆಯ ಔಷಧ ಕಾರ್ಖಾನೆ, ಎಲೆಕ್ಟ್ರಾನಿಕ್ ಬಿಡಿಭಾಗ ಜೋಡಿಸುವ ಕೊಠಡಿ, ಪ್ರಯೋಗಾಲಯಗಳಲ್ಲಿ ಗಾಳಿಯ ತೇವ ಒಂದು ಮಿತಿಯೊಳಗಿರಬೇಕು. ಮಳೆಗಾಲದಲ್ಲಿ ಗಾಳಿಯನ್ನು ಮೊದಲು ಬಹಳ ತಣ್ಣಗೆ ಮಾಡಿ ನೀರಿನಂಶ ಇಳಿಸುತ್ತಾರೆ, ಆಮೇಲೆ ವಿದ್ಯುತ್ ಹೀಟರ್‌ನಿಂದಲೋ ಬಿಸಿನೀರಿನ ಕಾಯಿಲ್‌ನಿಂದಲೋ ಅದೇ ಗಾಳಿಯನ್ನು ತುಸು ಬೆಚ್ಚಗೆ ಮಾಡಿ ಒಳಗೆ ಬಿಡುತ್ತಾರೆ. ಹೀಗಾಗಿ ಇಲ್ಲಿ ಹೀಟರ್ ಚಳಿಗಾಲದ ಸಾಧನವಲ್ಲ, ಮಳೆಗಾಲದ್ದು. ಅದರ ತಪಾಸಣೆ ಬೀಳುವುದು ಅಕ್ಟೋಬರಿನಲ್ಲಲ್ಲ, ಮೇ ತಿಂಗಳಲ್ಲಿ. ಹೀಟರ್ ಮುಂದೆ ಗಾಳಿ ಹರಿಯದಿದ್ದರೆ ವಿದ್ಯುತ್ ಕಡಿದುಹಾಕುವ ಸುರಕ್ಷಾ ಸ್ವಿಚ್ ಎಂಟು ತಿಂಗಳು ಕೆಲಸವಿಲ್ಲದೆ ಕೂತಿರುತ್ತದೆ. ಮೊದಲ ಮಳೆಯ ದಿನ ಅದು ಕೈಕೊಟ್ಟರೆ ಡಕ್ಟ್‌ನೊಳಗಿನ ದೂಳಿಗೆ ಬೆಂಕಿ ಹತ್ತಬಹುದು.

ಎತ್ತರದ ಪರಿಣಾಮವನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಬೆಂಗಳೂರಿನ ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ, ಗಾಳಿಯ ಸಾಂದ್ರತೆಯೂ ಅಷ್ಟೇ ಕಡಿಮೆ. ಫ್ಯಾನು ಅದೇ ವೇಗದಲ್ಲಿ ಅಷ್ಟೇ ಘನ ಅಡಿ ಗಾಳಿ ತಳ್ಳಿದರೂ ಆ ಗಾಳಿ ಹೊತ್ತೊಯ್ಯುವ ಶಾಖ ಚೆನ್ನೈಯಲ್ಲಿ ಹೊತ್ತೊಯ್ಯುವಷ್ಟು ಇರುವುದಿಲ್ಲ. ಈ ಕೊರತೆಯ ಮೇಲೆ ಕಾಯಿಲ್‌ನ ಕೊಳೆಯೂ ಸೇರಿದರೆ ಯಂತ್ರ ಬಹುಬೇಗ ಏದುಸಿರು ಬಿಡುತ್ತದೆ.

ಯಂತ್ರಗಳ ಬಗೆ

ಎಲೆಕ್ಟ್ರಾನಿಕ್ ಸಿಟಿಯನ್ನು 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಆರಂಭಿಸಿತು. ವೈಟ್‌ಫೀಲ್ಡ್‌ನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಭಾರತ ಮತ್ತು ಸಿಂಗಪುರದ ಜಂಟಿ ಯೋಜನೆಯಾಗಿ 1994ರಲ್ಲಿ ರೂಪುಗೊಂಡಿತು. ಪೀಣ್ಯ ಇವೆರಡರಂತಲ್ಲ, ಅದು ಯಂತ್ರೋಪಕರಣ, ಗಾರ್ಮೆಂಟ್ಸ್, ಲೋಹಲೇಪನ, ಎರಕದ ಸಣ್ಣ ಘಟಕಗಳ ನಾಡು. ಕಟ್ಟಡದ ಸ್ವರೂಪಕ್ಕೆ ತಕ್ಕಂತೆ ಯಂತ್ರವೂ ಬೇರೆ.

ದೊಡ್ಡ ಟೆಕ್ ಪಾರ್ಕ್‌ಗಳಲ್ಲಿ ನೀರಿನಿಂದ ತಣಿಯುವ ಚಿಲ್ಲರ್ ನೆಲಮಾಳಿಗೆಯಲ್ಲೋ ಪ್ರತ್ಯೇಕ ಯುಟಿಲಿಟಿ ಬ್ಲಾಕಿನಲ್ಲೋ ಇದ್ದು, ಕೂಲಿಂಗ್ ಟವರ್ ತಾರಸಿಯ ಮೇಲಿರುತ್ತದೆ. ನೀರಿಗೆ ತತ್ವಾರವಿರುವ ಕಡೆ ಗಾಳಿಯಿಂದ ತಣಿಯುವ ಚಿಲ್ಲರ್‌ಗಳನ್ನೇ ತಾರಸಿಗೆ ಏರಿಸಿದ್ದಾರೆ. ಮಧ್ಯಮ ಗಾತ್ರದ ಕಚೇರಿಗಳಲ್ಲಿ ವಿಆರ್‌ಎಫ್ ಎಂದು ಕರೆಯುವ, ಒಂದೇ ಹೊರಘಟಕದಿಂದ ಹತ್ತಾರು ಒಳಘಟಕ ನಡೆಸುವ ವ್ಯವಸ್ಥೆ ಸಾಮಾನ್ಯ. ಹಳೆಯ ಕಟ್ಟಡಗಳಲ್ಲಿ ಡಕ್ಟಬಲ್ ಪ್ಯಾಕೇಜ್ ಘಟಕಗಳು ಇನ್ನೂ ಓಡುತ್ತಿವೆ. ಪೀಣ್ಯದ ಶೆಡ್ಡುಗಳ ಸಿಮೆಂಟ್ ಶೀಟು, ತಗಡುಗಳಿಗೆ ಭಾರ ಹೊರುವ ಶಕ್ತಿಯಿಲ್ಲ. ಅಲ್ಲಿ ಹೊರಘಟಕ ಗೋಡೆಯ ಪಕ್ಕದ ಕಬ್ಬಿಣದ ಸ್ಟ್ಯಾಂಡಿನ ಮೇಲೋ, ಆರ್‌ಸಿಸಿ ಹಾಕಿದ ಕಚೇರಿ ಭಾಗದ ಮೇಲೋ ಕೂರುತ್ತದೆ. ಗಾರ್ಮೆಂಟ್ಸ್ ಹಾಲ್‌ಗಳಲ್ಲಿ ಎಸಿಯ ಬದಲು ಒದ್ದೆ ಪ್ಯಾಡಿನ ಮೂಲಕ ಗಾಳಿ ಎಳೆದು ತಣ್ಣಗೆ ಮಾಡುವ ಏರ್ ಕೂಲರ್, ಏರ್ ವಾಷರ್‌ಗಳಿವೆ. ನಿಖರ ಅಳತೆಯ ಕೊಠಡಿಗೆ ಮಾತ್ರ ಸೂಕ್ಷ್ಮ ಎಸಿ: ಲೋಹದ ಭಾಗಗಳ ಅಳತೆಗೆ ಜಗತ್ತಿನಾದ್ಯಂತ 20 ಡಿಗ್ರಿಯೇ ಪ್ರಮಾಣ ಉಷ್ಣತೆ.

ಬೇಸಿಗೆಗೆ ಮುನ್ನ

ವರ್ಷದ ಮುಖ್ಯ ಸರ್ವಿಸ್ ಶಿವರಾತ್ರಿಯಿಂದ ಯುಗಾದಿಯೊಳಗೆ ಮುಗಿಯಬೇಕು. ಮಾರ್ಚ್ ದಾಟಿದರೆ ಹೊರೆ ಏರುತ್ತದೆ, ಯಂತ್ರ ನಿಲ್ಲಿಸಲು ಯಾರೂ ಒಪ್ಪುವುದಿಲ್ಲ, ಮೆಕ್ಯಾನಿಕ್ಕೂ ಕೈಗೆ ಸಿಗುವುದಿಲ್ಲ.

ಕೆಲಸ ಆರಂಭವಾಗುವುದು ಕಂಡೆನ್ಸರ್ ಕಾಯಿಲ್ ತೊಳೆಯುವುದರಿಂದ. ಕಟ್ಟಡದ ಶಾಖವೆಲ್ಲ ಹೊರಬೀಳುವ ದಾರಿ ಅದು. ತಾಮ್ರದ ಕೊಳವೆಗೆ ಒತ್ತಾಗಿ ಪೋಣಿಸಿದ ಅಲ್ಯೂಮಿನಿಯಂ ಫಿನ್‌ಗಳ ನಡುವೆ ಮಿಲಿಮೀಟರು ಎರಡು ಮಿಲಿಮೀಟರಿನಷ್ಟೇ ಸಂದು. ನವೆಂಬರಿನಿಂದ ಫೆಬ್ರವರಿಯವರೆಗಿನ ಒಣ ತಿಂಗಳುಗಳಲ್ಲಿ ರಸ್ತೆ, ಮೆಟ್ರೊ, ಅಪಾರ್ಟ್‌ಮೆಂಟ್ ಕಾಮಗಾರಿಯ ಸಿಮೆಂಟ್ ದೂಳು ಆ ಸಂದುಗಳಲ್ಲಿ ಕೂರುತ್ತದೆ; ಬೆಳಗಿನ ಇಬ್ಬನಿ ತಾಕಿದ ಮೇಲೆ ಅದು ಗಾರೆಯಾಗಿ ಗಟ್ಟಿಯಾಗುತ್ತದೆ. ಬೇಸಿಗೆ ಶುರುವಾದಾಗ ಬೂರುಗದ ಹತ್ತಿ ಹಾರಿಬಂದು ಅದರ ಮೇಲೊಂದು ಪದರ ಹಾಸುತ್ತದೆ. ಕಂಡೆನ್ಸರಿನ ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ ಕಂಪ್ರೆಸರ್ ಎಳೆಯುವ ವಿದ್ಯುತ್ ಶೇ 2–3ರಷ್ಟು ಹೆಚ್ಚುತ್ತದೆ. ಹತ್ತು ಡಿಗ್ರಿ ಏರಿದ ಯಂತ್ರವೂ ತಂಪು ಕೊಡುತ್ತಲೇ ಇರುತ್ತದೆ. ಆದ್ದರಿಂದ ಕರೆಂಟ್ ಬಿಲ್ ನೋಡುವವರಿಗಲ್ಲದೆ ಬೇರೆಯವರಿಗೆ ಅದು ಗೊತ್ತಾಗುವುದಿಲ್ಲ.

ತೊಳೆಯುವ ಕ್ರಮಕ್ಕೆ ಮಹತ್ವವಿದೆ. ಗಾಳಿ ಯಾವ ಕಡೆಯಿಂದ ಒಳಗೆ ಹೋಗುತ್ತದೆಯೋ ಅದರ ವಿರುದ್ಧ ದಿಕ್ಕಿನಿಂದ, ಅಂದರೆ ಒಳಗಿನಿಂದ ಹೊರಕ್ಕೆ ನೀರು ಬಿಡಬೇಕು. ಹೊರಗಿನಿಂದ ಹೊಡೆದರೆ ಮೇಲ್ಪದರದ ದೂಳು ಇನ್ನಷ್ಟು ಒಳಕ್ಕೆ ನುಗ್ಗಿ, ಎರಡು ಮೂರು ಸಾಲಿನ ಕಾಯಿಲ್‌ನ ನಡುವೆ ಕೆಸರಾಗಿ ಕೂರುತ್ತದೆ. ವಾಹನ ತೊಳೆಯುವ ಪ್ರೆಷರ್ ಪಂಪನ್ನು ಹತ್ತಿರ ಹಿಡಿದರೆ ಫಿನ್‌ಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಮಡಚಿದ್ದನ್ನು ಫಿನ್ ಬಾಚಣಿಗೆಯಿಂದ ಒಂದೊಂದಾಗಿ ನೇರ ಮಾಡಬೇಕಾಗುತ್ತದೆ. ಜಿಡ್ಡಿಗೆ ತೆಳುವಾದ ಕ್ಷಾರೀಯ ದ್ರಾವಣ ಸಾಕು. ಶೌಚಾಲಯ ತೊಳೆಯುವ ಆಸಿಡ್ಡನ್ನೇ ನೀರಿಗೆ ಬೆರೆಸಿ ಸುರಿಯುವ ಪದ್ಧತಿ ಕೆಲವು ಕಡೆ ಇದೆ. ಅದರಿಂದ ಕಾಯಿಲ್ ಆ ದಿನ ಬೆಳ್ಳಗೆ ಹೊಳೆಯುತ್ತದೆ, ಎರಡು ವರ್ಷದಲ್ಲಿ ಫಿನ್ ಪುಡಿಯಾಗುತ್ತದೆ. ಇತ್ತೀಚಿನ ಪೂರ್ಣ ಅಲ್ಯೂಮಿನಿಯಂ ಮೈಕ್ರೊಚಾನಲ್ ಕಾಯಿಲ್‌ಗಳು ಇನ್ನೂ ನಾಜೂಕು. ಅವಕ್ಕೆ ತಯಾರಕರು ಹೇಳಿದ ದ್ರಾವಣ ಅಥವಾ ಬರಿಯ ನೀರು ಮಾತ್ರ.

ಏಪ್ರಿಲ್ ಮಧ್ಯಾಹ್ನ ಯಂತ್ರ ಟ್ರಿಪ್ ಆಗತೊಡಗಿದಾಗ ಕಂಡೆನ್ಸರಿಗೆ ಪೈಪಿನಿಂದ ನೀರು ಸಿಂಪಡಿಸುವುದು ಈ ವಲಯಗಳಲ್ಲಿ ಕಾಣುವ ದೃಶ್ಯ. ಒತ್ತಡ ತಕ್ಷಣ ಇಳಿಯುವುದು ನಿಜ. ಆದರೆ ಕೊಳವೆಬಾವಿಯ ನೀರು ಆವಿಯಾದಾಗ ಉಳಿಯುವ ಬಿಳಿ ಸುಣ್ಣ ಫಿನ್‌ಗೆ ಅಂಟಿಕೊಂಡು ಮುಂದಿನ ವರ್ಷದ ಟ್ರಿಪ್ಪಿಗೆ ಕಾರಣವಾಗುತ್ತದೆ. ಬಿಸಿಲು ತಾಗದಿರಲೆಂದು ಹೊರಘಟಕದ ತಲೆಯ ಮೇಲೆ ಶೀಟು ಹೊದಿಸುವುದೂ ಹಾಗೆಯೇ ತಿರುಗುಬಾಣ. ಮೇಲಕ್ಕೆ ಬಿಸಿಗಾಳಿ ಉಗುಳುವ ಘಟಕಕ್ಕೆ ನೆರಳಿಗಿಂತ ತೆರೆದ ಆಕಾಶ ಮುಖ್ಯ. ಅಡ್ಡಿ ಸಿಕ್ಕರೆ ಉಗುಳಿದ ಗಾಳಿಯನ್ನೇ ಅದು ಮತ್ತೆ ಒಳಗೆಳೆಯುತ್ತದೆ. ಪ್ಯಾರಪೆಟ್ ಗೋಡೆಗೆ ಒತ್ತಿಟ್ಟ ಘಟಕ, ಆಮೇಲೆ ಬಂದು ಪಕ್ಕದಲ್ಲೇ ನಿಂತ ಸೋಲಾರ್ ಫಲಕ, ಡೀಸೆಲ್ ಜನರೇಟರಿನ ಹೊಗೆಕೊಳವೆ ಇವನ್ನೂ ಬೇಸಿಗೆಯ ತಪಾಸಣೆಯಲ್ಲೇ ಗಮನಿಸಬೇಕು.

ತೊಳೆದು ಒಣಗಿದ ಮೇಲಷ್ಟೇ ಯಂತ್ರದೊಳಗೆ ಸುತ್ತುತ್ತ ಶಾಖ ಸಾಗಿಸುವ ಶೀತಕದ, ಅಂದರೆ ಗ್ಯಾಸಿನ ಅಳತೆ. ಕೊಳೆಯಾದ ಕಾಯಿಲ್‌ನ ಮೇಲೆ ಗೇಜ್ ಹಾಕಿ ನೋಡಿದ ಒತ್ತಡಕ್ಕೆ ಅರ್ಥವಿಲ್ಲ. ಕಂಡೆನ್ಸರಿನಲ್ಲಿ ಅನಿಲ 45 ಡಿಗ್ರಿಯಲ್ಲಿ ದ್ರವವಾಗುತ್ತಿದ್ದರೆ ಆರ್-22 ಯಂತ್ರದ ಗೇಜ್ ಸುಮಾರು 235 ಪಿಎಸ್‌ಐ, ಆರ್-410ಎ ಯಂತ್ರದ್ದು ಸುಮಾರು 380 ಪಿಎಸ್‌ಐ ತೋರಿಸುತ್ತದೆ. ಹಳೆಯ ಆರ್-22 ಯಂತ್ರದ ಗೇಜ್, ಹೋಸುಗಳನ್ನು ಹೊಸ ಆರ್-410ಎ ಯಂತ್ರಕ್ಕೆ ಬಳಸಬಾರದೆಂಬುದಕ್ಕೆ ಈ ಅಂತರವೇ ಕಾರಣ. ಒತ್ತಡವೊಂದನ್ನೇ ನೋಡಿ ಗ್ಯಾಸ್ ಹೆಚ್ಚು ಕಡಿಮೆ ಎಂದು ತೀರ್ಮಾನಿಸಬಾರದು. ಕಂಪ್ರೆಸರಿಗೆ ಮರಳುವ ಆವಿ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿದೆ, ಕಂಡೆನ್ಸರಿನಿಂದ ಹೊರಡುವ ದ್ರವ ಎಷ್ಟು ಡಿಗ್ರಿ ಹೆಚ್ಚು ತಣಿದಿದೆ ಎಂಬ ಎರಡು ಅಂತರಗಳನ್ನು ಕೊಳವೆಗೆ ಥರ್ಮಾಮೀಟರ್ ಕಟ್ಟಿ ಅಳೆಯಬೇಕು. ಎರಡೂ ಸಾಮಾನ್ಯವಾಗಿ 5ರಿಂದ 8 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಗ್ಯಾಸ್ ಕಡಿಮೆಯಾಗಿದ್ದರೆ ಸೋರಿಕೆ ಇದೆ ಎಂದೇ ಅರ್ಥ, ಅದು ತಾನಾಗಿ ಖರ್ಚಾಗುವ ವಸ್ತುವಲ್ಲ. ನೈಟ್ರೋಜನ್ ತುಂಬಿ ಸೋರುವ ಜಾಗ ಹುಡುಕಿ, ಬೆಸೆದು, 500 ಮೈಕ್ರಾನ್‌ವರೆಗೆ ವ್ಯಾಕ್ಯೂಮ್ ಎಳೆದು, ತೂಕ ಮಾಡಿ ಗ್ಯಾಸ್ ತುಂಬುವುದು ಸರಿಯಾದ ಕ್ರಮ. ಪ್ರತಿ ಮಾರ್ಚಿನಲ್ಲೂ ‘ಸ್ವಲ್ಪ ಟಾಪ್ ಅಪ್’ ಮಾಡಿ ಹೋಗುವುದು ಸುಲಭದ ದಾರಿ.

ವಿದ್ಯುತ್ ಭಾಗದಲ್ಲಿ ಕಾಂಟ್ಯಾಕ್ಟರಿನ ಸುಟ್ಟ ಪಾಯಿಂಟು, ಸಡಿಲವಾದ ಲಗ್, ಉಬ್ಬಿದ ಕೆಪಾಸಿಟರ್, ಇಲಿ ಕಡಿದ ಕೇಬಲ್ ನೋಡುತ್ತಾರೆ. ಮೋಟಾರ್ ಸುರುಳಿಯ ನಿರೋಧವನ್ನು ಮೆಗ್ಗರ್‌ನಿಂದ ಅಳೆಯುತ್ತಾರೆ. ಮೂರು ಫೇಸುಗಳ ವೋಲ್ಟೇಜ್ ನಡುವಿನ ವ್ಯತ್ಯಾಸ ಶೇ 2ನ್ನು ಮೀರಬಾರದು. ವೋಲ್ಟೇಜಿನ ಸಣ್ಣ ಅಸಮತೋಲವೂ ಮೋಟಾರಿನಲ್ಲಿ ಅದರ ಹಲವು ಪಟ್ಟು ಕರೆಂಟಿನ ಅಸಮತೋಲವಾಗಿ ಕಾಣಿಸಿಕೊಳ್ಳುತ್ತದೆ. ವೆಲ್ಡಿಂಗ್ ಮತ್ತು ಕುಲುಮೆಗಳ ಲೈನಿನಲ್ಲೇ ಇರುವ ಪೀಣ್ಯದ ಘಟಕಗಳಲ್ಲಿ ಈ ಅಳತೆ ತಪ್ಪಿಸುವಂತಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಮುಂಚೆ ಅರ್ಥಿಂಗ್ ಗುಂಡಿಗಳಿಗೆ ನೀರು ಹಾಕಿ ರೋಧ ಅಳೆಯುವುದೂ ಇದೇ ಸುತ್ತಿನ ಕೆಲಸ, ಏಕೆಂದರೆ ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ಕೆಲಸಕ್ಕೆ ಬಾರದಂತಾಗಿರುತ್ತದೆ. ಒಳಗೆ ತಂಪು ಗಾಳಿ ಹಂಚುವ ಎಎಚ್‌ಯುಗಳ ಬೆಲ್ಟ್, ಬೇರಿಂಗ್ ಗ್ರೀಸ್, ಫಿಲ್ಟರುಗಳದ್ದು ನಿತ್ಯದ ಮಾತು. ಫಿಲ್ಟರನ್ನು ತಿಂಗಳ ಲೆಕ್ಕಕ್ಕಿಂತ ಅದರ ಎರಡು ಬದಿಯ ಒತ್ತಡದ ವ್ಯತ್ಯಾಸ ನೋಡಿ ಬದಲಿಸುವುದು ಮೇಲು. ಸೂಕ್ಷ್ಮ ಫಿಲ್ಟರಿಗೆ ಸುಮಾರು 250 ಪಾಸ್ಕಲ್ ಕೊನೆಯ ಮಿತಿ.

ನೀರು

ಬೆಂಗಳೂರಿನ ಬೇಸಿಗೆಯ ಗಾಳಿ ಒಣದು. ಮಾರ್ಚಿನ ಮಧ್ಯಾಹ್ನ 34 ಡಿಗ್ರಿ ಇದ್ದಾಗ ಸಾಪೇಕ್ಷ ತೇವಾಂಶ ಶೇ 25ಕ್ಕೆ ಇಳಿಯುವುದುಂಟು. ಅಂಥ ಗಾಳಿಯಲ್ಲಿ ನೀರು ಚೆನ್ನಾಗಿ ಆವಿಯಾಗುತ್ತದೆ. ಒದ್ದೆ ಪ್ಯಾಡಿನಿಂದ ಹಾದ ಗಾಳಿ 22–23 ಡಿಗ್ರಿಗೆ ಬರುತ್ತದೆ. ಪೀಣ್ಯದ ಹೊಲಿಗೆ ಹಾಲ್‌ಗಳಿಗೆ ಏರ್ ಕೂಲರ್ ಒಗ್ಗಿಬಂದದ್ದು, ಟೆಕ್ ಪಾರ್ಕ್‌ಗಳ ಕೂಲಿಂಗ್ ಟವರ್ ಇಲ್ಲಿ ಕರಾವಳಿಗಿಂತ ಚೆನ್ನಾಗಿ ಕೆಲಸ ಮಾಡುವುದು ಇದೇ ಕಾರಣಕ್ಕೆ. ತೊಡಕು ಒಂದೇ. ಗಾಳಿ ಅತಿ ಒಣಗಿರುವ ತಿಂಗಳಲ್ಲೇ ಕೊಳವೆಬಾವಿಯೂ ಒಣಗಿರುತ್ತದೆ.

ಒಂದು ಟನ್ ತಂಪಿಗೆ ಕೂಲಿಂಗ್ ಟವರ್ ಗಂಟೆಗೆ ಸುಮಾರು ಆರೂವರೆ ಲೀಟರ್ ನೀರನ್ನು ಆವಿ ಮಾಡುತ್ತದೆ. 500 ಟನ್ನಿನ ಕಟ್ಟಡ ಹತ್ತು ಗಂಟೆ ಪೂರ್ಣ ಹೊರೆಯಲ್ಲಿ ಓಡಿದರೆ 32,000 ಲೀಟರಿಗೂ ಹೆಚ್ಚು ಆಕಾಶಕ್ಕೆ ಹೋಗುತ್ತದೆ. ಇದು ಆವಿಯ ಲೆಕ್ಕ ಮಾತ್ರ. ನೀರು ಆವಿಯಾದರೂ ಅದರಲ್ಲಿ ಕರಗಿದ್ದ ಲವಣ ಆವಿಯಾಗದೆ ತೊಟ್ಟಿಯಲ್ಲೇ ಉಳಿದು ಮಂದವಾಗುತ್ತ ಹೋಗುತ್ತದೆ. ಅದನ್ನು ತಗ್ಗಿಸಲು ಒಂದಿಷ್ಟು ನೀರನ್ನು ಚೆಲ್ಲಿ ಹೊಸದನ್ನು ತುಂಬಬೇಕು. ಲವಣ ಮೂರು ಪಟ್ಟಾಗುವವರೆಗೆ ಬಿಟ್ಟರೆ ಆವಿಯ ಅರ್ಧದಷ್ಟನ್ನು ಚೆಲ್ಲಬೇಕಾಗುತ್ತದೆ; ಐದು ಪಟ್ಟಾಗುವವರೆಗೆ ತಡೆದರೆ ಕಾಲು ಭಾಗ ಸಾಕು. ಮೃದುಗೊಳಿಸಿದ ನೀರು, ಸುಣ್ಣಗಟ್ಟದಂತೆ ಹಾಕುವ ರಾಸಾಯನಿಕ ಇದ್ದರಷ್ಟೇ ಐದು ಪಟ್ಟು ಸಾಧ್ಯ. ಟ್ಯಾಂಕರ್ ನೀರಿನ ತೊಂದರೆಯೆಂದರೆ ಇಂದಿನ ಟ್ಯಾಂಕರಿನ ಗಡಸುತನ ನಾಳಿನದರಲ್ಲಿ ಇರುವುದಿಲ್ಲ. ಆದ್ದರಿಂದ ಇಷ್ಟು ಗಂಟೆಗೊಮ್ಮೆ ಚೆಲ್ಲು ಎಂದು ಟೈಮರ್ ಇಡುವುದಕ್ಕಿಂತ ನೀರಿನ ವಿದ್ಯುದ್ವಾಹಕತೆ ನೋಡಿ ಚೆಲ್ಲುವ ಸ್ವಯಂಚಾಲಿತ ವಾಲ್ವ್ ಈ ಭಾಗಕ್ಕೆ ಹೆಚ್ಚು ಹೊಂದುತ್ತದೆ.

2024ರ ಬೇಸಿಗೆಯಲ್ಲಿ ನಗರದ ಕೊಳವೆಬಾವಿಗಳು ದೊಡ್ಡ ಸಂಖ್ಯೆಯಲ್ಲಿ ಬತ್ತಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಾಮಗಾರಿಗೆ, ಕಾರಂಜಿಗೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಕ್ಯಾಂಪಸ್ಸಿನ ಕೊಳಚೆ ಶುದ್ಧೀಕರಣ ಘಟಕದಲ್ಲಿ (ಎಸ್‌ಟಿಪಿ) ಶುದ್ಧಗೊಳಿಸಿದ ನೀರನ್ನು ಕೂಲಿಂಗ್ ಟವರಿಗೆ ಹರಿಸುವುದು ಸಹಜ ಪರಿಹಾರ. ಆದರೆ ಆ ನೀರಿನ ಫಾಸ್ಫೇಟ್, ಅಮೋನಿಯ ಪಾಚಿಗೆ ಗೊಬ್ಬರ, ತಾಮ್ರಕ್ಕೆ ಶತ್ರು. ಅದನ್ನು ಬಳಸುವಲ್ಲಿ ಟವರಿನ ತೊಟ್ಟಿಯನ್ನು ಹೆಚ್ಚು ಸಲ ಖಾಲಿ ಮಾಡಿ ಉಜ್ಜಬೇಕು, ಕ್ರಿಮಿನಾಶಕವನ್ನು ತಪ್ಪದೆ ಹಾಕಬೇಕು. 25ರಿಂದ 40 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಬೆಳೆಯುವ ಲೀಜಿಯೊನೆಲ್ಲ ಬ್ಯಾಕ್ಟೀರಿಯ ಟವರಿನ ತುಂತುರಿನೊಡನೆ ಹಾರಿ ಶ್ವಾಸಕೋಶ ಸೇರಿದರೆ ತೀವ್ರ ನ್ಯುಮೋನಿಯ ಬರುತ್ತದೆ. ತುಂತುರು ಹೊರಹೋಗದಂತೆ ತಡೆಯುವ ಪ್ಲಾಸ್ಟಿಕ್ ಪಟ್ಟಿಗಳು ಬಿಸಿಲಿಗೆ ಒಡೆದಿದ್ದರೆ, ತಾಜಾ ಗಾಳಿ ಎಳೆಯುವ ಕಿಂಡಿ ಟವರಿನ ಪಕ್ಕದಲ್ಲೇ ಇದ್ದರೆ ಅಪಾಯ ಇಮ್ಮಡಿ.

ಮಳೆಗಾಲ

ಮೇ ಕೊನೆಯಿಂದ ನೀರಿನ ಸಮಸ್ಯೆ ತಲೆಕೆಳಗಾಗುತ್ತದೆ. ಗಾಳಿಯಲ್ಲೇ ನೀರು ತುಂಬಿರುವುದರಿಂದ ಕಾಯಿಲ್‌ನಿಂದ ಇಳಿಯುವ ನೀರೂ ಹೆಚ್ಚು. ಮಾರ್ಚಿನಲ್ಲಿ ಹನಿಯಷ್ಟೇ ಬಿಡುತ್ತಿದ್ದ ಡ್ರೈನ್ ಪೈಪು ಜುಲೈಯಲ್ಲಿ ಧಾರೆಯಾಗಿ ಹರಿಯುತ್ತದೆ. ಬೇಸಿಗೆಯ ದೂಳು ಲೋಳೆಯಾಗಿ ಪೈಪಿನಲ್ಲಿ ಕಟ್ಟಿದ್ದರೆ ಆ ನೀರು ಫಾಲ್ಸ್ ಸೀಲಿಂಗಿನ ಮೂಲಕ ಯಾರದೋ ಕಂಪ್ಯೂಟರಿನ ಮೇಲೆ ಬೀಳುತ್ತದೆ. ಮಳೆಗಾಲದ ದೂರುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಟ್ರೇ ತೊಳೆದು, ಪೈಪಿಗೆ ಒತ್ತಡದ ಗಾಳಿ ಊದಿ, ಬಕೆಟ್ ನೀರು ಸುರಿದು ಹರಿವು ನೋಡಬೇಕು. ಫ್ಯಾನು ಕಾಯಿಲ್‌ನ ಆಚೆ ಇದ್ದು ಗಾಳಿ ಎಳೆಯುವ ಘಟಕಗಳಲ್ಲಿ ಪೈಪಿಗೆ ಬಾಗಿದ ಟ್ರ್ಯಾಪ್ ಇಲ್ಲದಿದ್ದರೆ ಗಾಳಿ ಪೈಪಿನಿಂದ ಒಳಗೆ ನುಗ್ಗಿ ನೀರನ್ನು ಹೊರಬಿಡುವುದಿಲ್ಲ. ಇದು ಕೊಳೆಯ ದೋಷವಲ್ಲ, ಕೂರಿಸಿದವರ ದೋಷ. ಎಷ್ಟು ತೊಳೆದರೂ ಮರುಕಳಿಸುತ್ತದೆ.

ತಾರಸಿಯ ಮೇಲೆ ಹೊರಘಟಕದ ಅಡಿ, ಬಿಟ್ಟುಹೋದ ಫಿಲ್ಟರ್ ಚೌಕಟ್ಟು, ಮುಚ್ಚಳವಿಲ್ಲದ ಕೇಬಲ್ ಟ್ರೇಗಳಲ್ಲಿ ನಿಲ್ಲುವ ತಿಳಿನೀರು ಈಡಿಸ್ ಸೊಳ್ಳೆಗೆ ತವರು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಎಡೆಕೊಡುವ ಮನೆಗಳಿಗೂ ವಾಣಿಜ್ಯ ಸ್ಥಳಗಳಿಗೂ ದಂಡ ನಿಗದಿಮಾಡಿತು. ಹಾಗಾಗಿ ನಿಂತ ನೀರನ್ನು ಹುಡುಕುವುದು ಎಸಿ ಮೆಕ್ಯಾನಿಕ್ಕಿನ ಪಟ್ಟಿಗೂ ಸೇರಿದೆ.

ಹೊರಘಟಕದ ಎಲೆಕ್ಟ್ರಾನಿಕ್ ಬೋರ್ಡಿಗೆ ಮಳೆಯ ಎರಚಲಿಗಿಂತ ಹಲ್ಲಿ, ಇರುವೆಗಳ ಕಾಟ ಹೆಚ್ಚು. ಬೆಚ್ಚನೆಯ ಜಾಗ ಹುಡುಕಿ ಬಂದ ಹಲ್ಲಿ ಎರಡು ಟರ್ಮಿನಲ್‌ಗಳಿಗೆ ಅಡ್ಡವಾಗಿ ಸುಟ್ಟುಹೋದರೆ ಅದರೊಂದಿಗೆ ಬೋರ್ಡೂ ಹೋಗುತ್ತದೆ. ಕೇಬಲ್ ಒಳಹೋಗುವ ತೂತುಗಳಿಗೆ ಗ್ಲ್ಯಾಂಡ್ ಹಾಕಿ ಸೀಲ್ ಮಾಡುವ ಅಗ್ಗದ ಕೆಲಸ ಇದನ್ನು ತಡೆಯುತ್ತದೆ. ಏರ್ ಕೂಲರ್‌ಗಳ ಪಂಪನ್ನು ಮಳೆಗಾಲದಲ್ಲಿ ನಿಲ್ಲಿಸಿ, ಪ್ಯಾಡನ್ನು ಪೂರ್ತಿ ಒಣಗಿಸಿ ಫ್ಯಾನು ಮಾತ್ರ ಓಡಿಸಬೇಕು. 28 ಡಿಗ್ರಿಯ ತೇವಗಾಳಿಯನ್ನು ಆ ಯಂತ್ರ ನಾಲ್ಕು ಡಿಗ್ರಿಯಷ್ಟೂ ಇಳಿಸಲಾರದು, ಬಟ್ಟೆಗೆ ಬೂಷ್ಟು ಮಾತ್ರ ತರುತ್ತದೆ.

2022ರ ಸೆಪ್ಟೆಂಬರಿನ ಮೊದಲ ವಾರ ಹೊರವರ್ತುಲ ರಸ್ತೆ, ವರ್ತೂರು, ವೈಟ್‌ಫೀಲ್ಡ್ ಸುತ್ತಿನ ಅನೇಕ ಕಟ್ಟಡಗಳ ನೆಲಮಾಳಿಗೆಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ತಾರಸಿಯ ಯಂತ್ರಕ್ಕೆ ಏನೂ ಆಗುವುದಿಲ್ಲ. ಆದರೆ ಅದಕ್ಕೆ ವಿದ್ಯುತ್ ಕಳಿಸುವ ಪ್ಯಾನೆಲ್, ನೀರು ಕಳಿಸುವ ಪಂಪು ಕೆಳಗಿರುವುದರಿಂದ ಮೇಲಿನದೂ ನಿಲ್ಲುತ್ತದೆ. ನೆಲಮಾಳಿಗೆಯ ಸಂಪ್ ಪಂಪು ಪರೀಕ್ಷಿಸುವುದನ್ನು ಮಳೆಗಾಲದ ಎಸಿ ಸಿದ್ಧತೆಯ ಭಾಗವಾಗಿಯೇ ಎಣಿಸಬೇಕಾದ ಊರು ಇದು.

ಆಯುಧಪೂಜೆಯ ನಂತರ

ಪೀಣ್ಯದ ಕಾರ್ಖಾನೆಗಳು ಆಯುಧಪೂಜೆಗೆ ಯಂತ್ರ ನಿಲ್ಲಿಸಿ, ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತವೆ. ವರ್ಷದಲ್ಲಿ ಎಲ್ಲ ಯಂತ್ರಗಳೂ ಒಟ್ಟಿಗೆ ನಿಲ್ಲುವ ಅಪರೂಪದ ದಿನಗಳಾದ್ದರಿಂದ ಮಳೆಗಾಲದ ತುಕ್ಕು ಕೆರೆದು ಬಣ್ಣ ಬಳಿಯುವುದು, ಕಿತ್ತುಬಂದ ಪೈಪಿನ ಹೊದಿಕೆ ಬದಲಿಸುವುದು, ಸ್ಟ್ಯಾಂಡಿನ ಬೋಲ್ಟ್ ಬಿಗಿಮಾಡುವುದು ಅದಕ್ಕೆ ಹೊಂದಿಕೊಂಡಿವೆ. (ಪೂಜೆಯ ಹಾರವನ್ನು ಫ್ಯಾನಿನ ಜಾಲರಿಗೆ ಕಟ್ಟದೆ ಪಕ್ಕದ ಕಂಬಕ್ಕೆ ಕಟ್ಟುವುದು ಒಳ್ಳೆಯದು.) ತಣ್ಣೀರಿನ ಪೈಪುಗಳ ಹೊದಿಕೆ ಒಮ್ಮೆ ಒದ್ದೆಯಾದರೆ ಒಣಗುವುದಿಲ್ಲ, ಹೊರಗಿನಿಂದ ಸರಿಯಾಗಿ ಕಂಡರೂ ಒಳಗೆ ಪೈಪು ತುಕ್ಕು ಹಿಡಿಯುತ್ತಿರುತ್ತದೆ.

ನವೆಂಬರಿನಿಂದ ಜನವರಿಯವರೆಗೆ ಹೊರೆ ಅತಿ ಕಡಿಮೆ. ಚಿಲ್ಲರ್ ಕಂಡೆನ್ಸರಿನ ಕೊಳವೆಗಳಿಗೆ ಬ್ರಷ್ ಹಾಕಿ ಸುಣ್ಣ ತೆಗೆಯುವುದು, ಎಣ್ಣೆ ಬದಲಿಸುವುದು, ಬೇರಿಂಗ್ ಬಿಚ್ಚುವುದು ಮುಂತಾದ ದಿನಗಟ್ಟಲೆಯ ಕೆಲಸಕ್ಕೆ ಇದೇ ಕಾಲ. ಬೆಳಗಿನ ಹೊರಗಾಳಿಯೇ 18–20 ಡಿಗ್ರಿಯಿರುವಾಗ ಕಂಪ್ರೆಸರ್ ನಿಲ್ಲಿಸಿ ಆ ಗಾಳಿಯನ್ನೇ ಸೋಸಿ ಒಳಬಿಡುವ ವ್ಯವಸ್ಥೆ ಬೆಂಗಳೂರಿನ ಹವೆಗೆ ಹೇಳಿ ಮಾಡಿಸಿದಂತಿದೆ. ಅದರ ಬಾಗಿಲುಗಳು ಸರಳ ಯಂತ್ರಾಂಶವೇ. ಆದರೂ ಬಹಳ ಕಡೆ ತುಕ್ಕು ಹಿಡಿದು ಒಂದೇ ಸ್ಥಿತಿಯಲ್ಲಿ ನಿಂತಿರುತ್ತವೆ. ಬಾಗಿಲು ಮುಚ್ಚಿಯೇ ನಿಂತರೆ ಉಚಿತ ತಂಪು ತಪ್ಪುತ್ತದೆ, ತೆರೆದೇ ನಿಂತರೆ ಏಪ್ರಿಲಿನ ಬಿಸಿಗಾಳಿಯನ್ನೂ ತಣಿಸುವ ದಂಡ ತೆರಬೇಕು. ಯಾರೂ ದೂರದ ಕಾರಣ ಎರಡೂ ವರ್ಷಗಟ್ಟಲೆ ಗಮನಕ್ಕೆ ಬರುವುದಿಲ್ಲ.

ಗಾಳಿಯ ಮಾಲಿನ್ಯ

ಕೊಳಚೆ ಸೇರಿದ ಕೆರೆ, ರಾಜಕಾಲುವೆಗಳಿಂದ ಏಳುವ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪು ಸಲ್ಫೈಡಾಗಿಸುತ್ತದೆ. ನೊರೆ ಮತ್ತು ಬೆಂಕಿಯಿಂದ ಸುದ್ದಿಯಾದ ಬೆಳ್ಳಂದೂರು, ವರ್ತೂರು ಕೆರೆಗಳ ದಡಕ್ಕೆ ಹತ್ತಿದ ಕಟ್ಟಡಗಳಲ್ಲಿ ಕಾಯಿಲ್‌ನ ತಾಮ್ರ ಕಪ್ಪಾಗಿದೆಯೇ, ಬೆಸುಗೆಯ ಬಳಿ ಎಣ್ಣೆಯ ಜಿನುಗು ಕಾಣುತ್ತದೆಯೇ ಎಂದು ಪ್ರತಿ ಸುತ್ತಿನಲ್ಲೂ ನೋಡಬೇಕಾಗುತ್ತದೆ. ಸರ್ವರ್ ಕೊಠಡಿಗಳಿದ್ದರೆ ಅನಿಲ ಹೀರುವ ಇದ್ದಿಲಿನ ಫಿಲ್ಟರ್ ಬೇಕು. ದೂಳಿನ ಫಿಲ್ಟರ್ ಅನಿಲವನ್ನು ತಡೆಯುವುದಿಲ್ಲ. ಪೀಣ್ಯದಲ್ಲಿ ಲೋಹಲೇಪನ ಘಟಕಗಳ ಆಸಿಡ್ ಹಬೆ ಅಲ್ಯೂಮಿನಿಯಂ ಫಿನ್‌ಗಳನ್ನು ತಿನ್ನುತ್ತದೆ. ಅಲ್ಲಿಗೆ ರಕ್ಷಕ ಲೇಪವಿರುವ ಕಾಯಿಲ್ ಕೊಳ್ಳುವುದು ಲೇಸು. ಲೇಪ ಗೀಚದಂತೆ ತೊಳೆಯುವ ಎಚ್ಚರ ಆಮೇಲಿನದು.

ಪಾರಿವಾಳದ ಉಪದ್ರವ ಮೂರೂ ವಲಯಗಳಿಗೆ ಸಮಾನ. ಗೂಡಿನ ಕಡ್ಡಿ ಫ್ಯಾನಿಗೆ ಸಿಕ್ಕಿಕೊಳ್ಳುತ್ತದೆ, ಹಿಕ್ಕೆ ಲೋಹವನ್ನು ತಿನ್ನುತ್ತದೆ, ಒಣಗಿದ ಹಿಕ್ಕೆಯ ಪುಡಿ ತಾಜಾ ಗಾಳಿಯ ಕಿಂಡಿಯಿಂದ ಒಳಗೆ ಹೋಗುತ್ತದೆ. ಮಾಸ್ಕ್ ಹಾಕಿ, ನೀರು ಚಿಮುಕಿಸಿ ಒದ್ದೆ ಮಾಡಿದ ಮೇಲೆ ಅದನ್ನು ತೆಗೆಯಬೇಕು. ಬಲೆ ಕಟ್ಟುವಾಗ ಕಣ್ಣು ತೀರ ಸಣ್ಣದಾದರೆ ದೂಳು ಕೂತು ಅದೇ ಗಾಳಿಗೆ ಅಡ್ಡವಾಗುತ್ತದೆ.

ಗ್ಯಾಸಿನ ಕಾನೂನು

ಹಳೆಯ ಘಟಕಗಳ ಆರ್-22 ಓಜೋನ್ ಪದರಕ್ಕೆ ಹಾನಿಕಾರಕ. ಮಾಂಟ್ರಿಯಲ್ ಒಪ್ಪಂದದಂತೆ ಭಾರತ ಇಂಥ ಎಚ್‌ಸಿಎಫ್‌ಸಿಗಳನ್ನು 2030ರ ಹೊತ್ತಿಗೆ ಬಹುತೇಕ ಕೈಬಿಡಬೇಕು. 2025ರ ಆರಂಭದಿಂದ ಹೊಸ ಯಂತ್ರಗಳ ತಯಾರಿಕೆಯಲ್ಲಿ ಅವುಗಳ ಬಳಕೆಗೆ ಅವಕಾಶವಿಲ್ಲ. ಅದರ ಜಾಗಕ್ಕೆ ಬಂದ ಆರ್-410ಎ ಓಜೋನಿಗೆ ಕೇಡು ಮಾಡದು. ಆದರೆ ಒಂದು ಕಿಲೊ ಗಾಳಿಗೆ ಬಿಟ್ಟರೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಆರ್-32ರ ಹಾನಿ ಅದರ ಮೂರನೇ ಒಂದು ಭಾಗದಷ್ಟಾದರೂ ಅದಕ್ಕೆ ಅಲ್ಪ ಪ್ರಮಾಣದಲ್ಲಿ ಬೆಂಕಿ ಹತ್ತುವ ಗುಣವಿದೆ. 2021ರಲ್ಲಿ ಭಾರತ ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿಯನ್ನು ಅನುಮೋದಿಸಿದ್ದು, 2032ರಿಂದ ಆರ್-410ಎ, ಆರ್-32ರಂಥ ಎಚ್‌ಎಫ್‌ಸಿಗಳ ಬಳಕೆಯನ್ನೂ ಹಂತಹಂತವಾಗಿ ಇಳಿಸಬೇಕಾಗಿದೆ. ತಾರಸಿಯ ಮೇಲೆ ಇದರ ನೇರ ಅರ್ಥ ಇಷ್ಟು: ಯಂತ್ರ ಬಿಚ್ಚುವಾಗ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಸಿಲಿಂಡರಿಗೆ ಎಳೆದುಕೊಳ್ಳಬೇಕು, ಆರ್-22 ಯಂತ್ರಕ್ಕೆ ಬೇರೆ ಗ್ಯಾಸ್ ಬೆರೆಸಬಾರದು, ಆರ್-32 ಇರುವಲ್ಲಿ ಕೊಳವೆ ಪೂರ್ತಿ ಖಾಲಿಯಾಗಿ ನೈಟ್ರೋಜನ್ ಹರಿಸಿದ ಮೇಲಲ್ಲದೆ ಬೆಸುಗೆಯ ಟಾರ್ಚ್ ಹಚ್ಚಬಾರದು.

ಕೆಲಸಗಾರರು ಮತ್ತು ಕರಾರು

ಈ ಕೆಲಸದ ಬೆನ್ನೆಲುಬು ಐಟಿಐಗಳಲ್ಲಿ ಎರಡು ವರ್ಷದ ರೆಫ್ರಿಜರೇಷನ್ ಮತ್ತು ಹವಾನಿಯಂತ್ರಣ ಮೆಕ್ಯಾನಿಕ್ ತರಬೇತಿ ಪಡೆದವರು ಹಾಗೂ ಅವರ ಕೈಕೆಳಗೆ ನೋಡಿ ಕಲಿತ ಸಹಾಯಕರು. ಯಂತ್ರಕ್ಕೆ ಕೈಹಾಕುವ ಮುಂಚೆ ಐಸೊಲೇಟರ್ ಇಳಿಸಿ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದು ಮೊದಲ ನಿಯಮ. ಪ್ಯಾನೆಲ್ ಬೇರೆ ಮಹಡಿಯಲ್ಲಿರುವ ಕಟ್ಟಡಗಳಲ್ಲಿ ‘ಆಫ್ ಮಾಡಿದ್ದೇನೆ’ ಎಂಬ ಫೋನ್ ಮಾತನ್ನು ನಂಬುವಂತಿಲ್ಲ. ಪ್ಯಾರಪೆಟ್ ಇಲ್ಲದ ಅಂಚಿನಲ್ಲಿ ಸೊಂಟಪಟ್ಟಿಯಲ್ಲ, ಪೂರ್ಣ ದೇಹದ ಹಾರ್ನೆಸ್ ಬೇಕು. ಪೀಣ್ಯದ ಹಳೆಯ ಸಿಮೆಂಟ್ ಶೀಟಿನ ಚಾವಣಿ ಮನುಷ್ಯನ ಭಾರ ತಡೆಯುವುದಿಲ್ಲ. ಅದರ ಮೇಲೆ ನಡೆಯಬೇಕಾದರೆ ಹಲಗೆ ಹಾಸಿಯೇ ನಡೆಯಬೇಕು.

ವಾರ್ಷಿಕ ನಿರ್ವಹಣಾ ಕರಾರು, ಬಳಕೆಯ ಮಾತಿನಲ್ಲಿ ಎಎಂಸಿ, ಎರಡು ಬಗೆ. ಬಿಡಿಭಾಗ, ಗ್ಯಾಸ್ ಎಲ್ಲ ಸೇರಿದ್ದು ಒಂದು. ಸರ್ವಿಸ್ ಕೂಲಿ ಮಾತ್ರದ್ದು ಇನ್ನೊಂದು. ಕೂಲಿ ಕರಾರಿನಲ್ಲಿ ಗ್ಯಾಸ್ ತುಂಬಿದಷ್ಟೂ ಗುತ್ತಿಗೆದಾರನಿಗೆ ಲಾಭ. ಸಮಗ್ರ ಕರಾರಿನಲ್ಲಿ ಬಿಡಿಭಾಗ ಬದಲಿಸದೆ ದಿನ ತಳ್ಳಿದಷ್ಟೂ ಲಾಭ. ಎರಡಕ್ಕೂ ಮದ್ದು ಅಳತೆಯ ದಾಖಲೆ. ‘ಸರ್ವಿಸ್ ಆಯಿತು’ ಎಂಬ ಸಹಿಯಿಂದ ಏನೂ ತಿಳಿಯದು. ತೊಳೆಯುವ ಮುಂಚಿನ ಮತ್ತು ನಂತರದ ಒತ್ತಡ, ಕರೆಂಟು, ಗಾಳಿಯ ಉಷ್ಣತೆ, ತುಂಬಿದ ಗ್ಯಾಸಿನ ತೂಕ ಬರೆದಿದ್ದರೆ ಮೂರು ವರ್ಷದ ಹಾಳೆ ನೋಡಿ ಯಾವ ಯಂತ್ರ ಸೋರುತ್ತಿದೆ ಎಂದು ಹೇಳಬಹುದು. ಅಮೆರಿಕದ ಆಶ್ರೇ ಸಂಸ್ಥೆ 2008ರಲ್ಲಿ ಹೊರತಂದ 180ನೇ ಮಾನದಂಡ ವಾಣಿಜ್ಯ ಕಟ್ಟಡಗಳ ಇಂಥ ತಪಾಸಣೆಗೆ ಕನಿಷ್ಠ ಕ್ರಮ ಗೊತ್ತುಮಾಡಿದೆ. ಭಾರತದಲ್ಲಿ 1981ರಲ್ಲಿ ಸ್ಥಾಪನೆಯಾದ ಇಶ್ರೇ ಸಂಸ್ಥೆ ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಒಳಗಿನ ಉಷ್ಣತೆ 24ರಿಂದ 30 ಡಿಗ್ರಿ, ತೇವಾಂಶ ಶೇ 40ರಿಂದ 70 ಇರಲೆಂದು ಮಾರ್ಗಸೂಚಿ ಕೊಟ್ಟಿತು. ಆ ವರ್ಷ ತಿಂಗಳುಗಟ್ಟಲೆ ಮುಚ್ಚಿದ್ದ ಕಚೇರಿಗಳ ಯಂತ್ರಗಳಿಗೆ ಓಡಿದ ಸವೆತಕ್ಕಿಂತ ನಿಂತ ಹಾನಿಯೇ ಹೆಚ್ಚು: ನಿಂತ ನೀರು, ಬೂಷ್ಟು, ಹಿಡಿದುಕೊಂಡ ಬೇರಿಂಗು. ವಾರದಲ್ಲಿ ಎರಡು ಮೂರು ದಿನ ಮಾತ್ರ ತುಂಬುವ ಕಚೇರಿಗಳಲ್ಲಿ ಖಾಲಿ ಮಹಡಿಯ ಪಂಪು, ಫ್ಯಾನುಗಳನ್ನು ವಾರಕ್ಕೊಮ್ಮೆಯಾದರೂ ಸ್ವಲ್ಪ ಹೊತ್ತು ತಿರುಗಿಸುವುದು ಆಗಿನಿಂದ ಪಟ್ಟಿಗೆ ಸೇರಿದೆ.

ಬಾಡಿಗೆ ಕಟ್ಟಡಗಳಲ್ಲಿ ಹೊಣೆ ಹಂಚಿಹೋಗಿರುತ್ತದೆ. ಚಿಲ್ಲರ್, ಕೂಲಿಂಗ್ ಟವರ್ ಮಾಲೀಕರದು. ಮಹಡಿಯ ಎಎಚ್‌ಯು, ಸರ್ವರ್ ಕೊಠಡಿಯ ಎಸಿ ಬಾಡಿಗೆದಾರ ಕಂಪನಿಯದು. ಎರಡೂ ಕಡೆ ಬೇರೆ ಬೇರೆ ಗುತ್ತಿಗೆದಾರರು. ನಡುವಿನ ಪೈಪು, ವಾಲ್ವ್, ಸ್ಟ್ರೇನರ್, ಡ್ರೈನ್ ಲೈನುಗಳು ಯಾರ ಎಎಂಸಿಯಲ್ಲೂ ಇಲ್ಲದೆ ಉಳಿಯುವುದು ಸಾಮಾನ್ಯ. ಬಾಡಿಗೆ ಕರಾರಿನ ಅನುಬಂಧದಲ್ಲಿ ಈ ಭಾಗಗಳನ್ನು ಹೆಸರಿಸಿ, ಪ್ರತಿಯೊಂದನ್ನೂ ವರ್ಷಕ್ಕೆ ಎಷ್ಟು ಸಲ ಯಾರು ತೆರೆದು ನೋಡಬೇಕೆಂದು ಬರೆಯುವುದು ರೂಢಿಗೆ ಬರುತ್ತಿದೆ.